ಬರ್ಲಿ ಬರ್ಲಿ

ವಾಹನವೊಂದು ಹಿಂದಕ್ಕೆ ಹೊರಟಾಗ, ಯಾರೂ ಕರೆಯದಿದ್ದರೂ ಅದರ ಬೆನ್ನಿಗೆ ಬಂದು ನಿಂತು, ಕೈ ಬೀಸುತ್ತ ‘ಬರ್ಲಿ ಬರ್ಲಿ’ ಎನ್ನುವವನಿಗೆ ಕನ್ನಡದಲ್ಲಿ ಇನ್ನೂ ಒಂದು ಹೆಸರು ಬಿದ್ದಿಲ್ಲ. ಆತ ಕ್ಲೀನರ್ ಅಲ್ಲ. ಕ್ಲೀನರನಿಗೆ ಸಂಬಳವಿದೆ, ಬೈಗುಳವೂ ಇದೆ. ಕಂಡಕ್ಟರ್ ಅಲ್ಲ, ಕಂಡಕ್ಟರನ ವಿಷಲ್ಲಿಗೆ ಅರ್ಥವಿದೆ, ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ಈತನಿಗೆ ಸಂಬಳವಿಲ್ಲ, ವಿಷಲ್ಲಿಲ್ಲ, ಎಷ್ಟೋ ಸಲ ಲೈಸೆನ್ಸೂ ಇರುವುದಿಲ್ಲ. ಅನುಕೂಲಕ್ಕಾಗಿ ಬರ್ಲಿಯಣ್ಣ ಎನ್ನಬಹುದು.

ಬರ್ಲಿಯಣ್ಣ ಇಲ್ಲದ ಊರಿಲ್ಲ. ಹೆಚ್ಚಾಗಿ ಕಾಣಸಿಗುವುದು ಕಲ್ಯಾಣ ಮಂಟಪದ ಗೇಟು, ದೇವಸ್ಥಾನದ ಮುಂದಿನ ಬಯಲು, ಕ್ರಾಸಿನ ಟೀ ಅಂಗಡಿ ಮತ್ತು ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್. ಹೊರಟಿರುವುದು ಬೇರೆ ಯಾವುದೋ ಕೆಲಸಕ್ಕೆ. ಕೈಯಲ್ಲಿ ಹಾಲಿನ ಪ್ಯಾಕೆಟ್ಟೋ ಕೊತ್ತಂಬರಿ ಕಟ್ಟೋ ಇರುತ್ತದೆ. ರಿವರ್ಸ್ ಗೇರು ಬಿದ್ದ ಸದ್ದು ಕಿವಿಗೆ ಬಿದ್ದಿತೋ, ಮನೆಯಲ್ಲಿ ಒಲೆಯ ಮೇಲೆ ಡಿಕಾಕ್ಷನ್ ಕಾಯುತ್ತಿದ್ದರೂ ಸರಿ, ನಿಂತುಬಿಡುತ್ತಾನೆ. ಗಾಡಿಗೊಬ್ಬ ಎನ್ನುವುದು ಸಾಮಾನ್ಯ ಲೆಕ್ಕ. ಸ್ಟಿಯರಿಂಗ್ ಹಿಡಿದವರು ಹೆಂಗಸಾದರೆ ಮೂವರು ಸೇರುತ್ತಾರೆ. ಮೂವರೂ ಮೂರು ದಿಕ್ಕು ತೋರಿಸುತ್ತಾರೆ. ಆಕೆ ಯಾರನ್ನೂ ನೋಡದೆ ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಇಳಿದು ಹೋದ ಮೇಲೆ, ‘ನಾವಿದ್ದಿದ್ದಕ್ಕೆ ಆಯ್ತು’ ಎಂದು ತಮ್ಮೊಳಗೇ ತಲೆಯಾಡಿಸಿಕೊಳ್ಳುತ್ತಾರೆ.

ಬರ್ಲಿಯಣ್ಣನ ಪದಕೋಶ ಒಂದು ಬಸ್ ಟಿಕೆಟಿನ ಹಿಂದೆ ಬರೆದು ಮುಗಿಸುವಷ್ಟಿದೆ, ಆದರೆ ಅರ್ಥ ಹೇಳುವುದು ಕಷ್ಟ. ‘ಬರ್ಲಿ’ ಎಂದರೆ ಬರಬಹುದು. ‘ಬರ್ಲಿ ಬರ್ಲಿ ಬರ್ಲಿ’ ಎಂದರೆ ಹೇಳುತ್ತಿರುವವನ ಗಮನ ಬೇರೆಲ್ಲೋ ಇದೆ. ‘ಬೇಜಾನ್ ಜಾಗ ಐತೆ’ ಎಂದರೆ ಒಂದು ಗೇಣು. ಹುಬ್ಬಳ್ಳಿ ಕಡೆ ಇದೇ ಗೇಣಿಗೆ ‘ಭಾಳ ಜಾಗಾ ಅದರೀ’ ಎನ್ನುತ್ತಾರೆ. ‘ಫುಲ್ ಕಟ್ ಮಾಡ್ಕೊಳ್ಳಿ’ ಎಂದರೆ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಬೇಕು. ಯಾವ ಕಡೆಗೆ ಎನ್ನುವುದು ಆ ವಾಕ್ಯದಲ್ಲಿ ಇರುವುದಿಲ್ಲ. ಎಲ್ಲಕ್ಕಿಂತ ಅಪಾಯದ ಮಾತು ‘ರೈಟ್’. ಅದು ಬಲಗಡೆಯೂ ಹೌದು, ಸರಿಯಾಗಿದೆ ಎಂಬುದೂ ಹೌದು, ಕರ್ನಾಟಕದ ಬಸ್ಸುಗಳಲ್ಲಿ ಬೆಳೆದವರಿಗೆ ಹೊರಡಿ ಎಂಬ ಅಪ್ಪಣೆಯೂ ಹೌದು. ಗಾಡಿಯ ಹಿಂದೆ ನಿಂತವನ ಎಡಬಲವೂ ಡ್ರೈವರನ ಎಡಬಲವೂ ಒಂದೇ. ಆದರೆ ಬರ್ಲಿಯಣ್ಣ ಅರ್ಧ ದಾರಿಯಲ್ಲಿ, ತನ್ನ ಮಾತು ತಲುಪುತ್ತಿಲ್ಲವೆಂಬ ಸಂಶಯ ಬಂದು, ಮುಂದೆ ಓಡಿ ಬಂದು ಗಾಜಿನೆದುರು ನಿಲ್ಲುತ್ತಾನೆ. ಆ ಕ್ಷಣಕ್ಕೆ ಅವನ ಎಡ ಡ್ರೈವರನ ಬಲವಾಗಿರುತ್ತದೆ, ಹಿಂದಿನ ಮೋರಿಯನ್ನು ನೋಡುವವರು ಯಾರೂ ಇರುವುದಿಲ್ಲ.

ಇನ್ನು ‘ಹೋಲ್ಡಾನ್’. ಅದರ ಜೊತೆಗೆ ಗಾಡಿಯ ಮೈಗೆ ಅಂಗೈಯಿಂದ ಒಂದು ಏಟು ಬೀಳುತ್ತದೆ. ಏಟು ಬಿದ್ದದ್ದು ಕೈಯಿಂದಲೋ ಕಂಬದಿಂದಲೋ ಎಂದು ಒಳಗೆ ಕೂತವನಿಗೆ ಗೊತ್ತಾಗುವುದು ಇಳಿದು ನೋಡಿದ ಮೇಲೆಯೇ. ಕಂಬದಿಂದ ಎಂದಾದರೆ ಬರ್ಲಿಯಣ್ಣನ ನಿಲುವು ಸ್ಪಷ್ಟ: ‘ನಾನ್ ಹೇಳ್ದೆನಲ್ಲ ಸಾರ್, ನೀವ್ ಕೇಳಿಸ್ಕೊಳ್ಲಿಲ್ಲ.’ ಅಧಿಕಾರ ಪೂರ್ತಿ, ಹೊಣೆ ಸೊನ್ನೆ. ಇಂಥ ಹುದ್ದೆಯನ್ನು ಸರ್ಕಾರ ಕೂಡ ಇಷ್ಟು ಸಲೀಸಾಗಿ ಸೃಷ್ಟಿಸಲಾರದು.

ಈತನನ್ನು ನಿವೃತ್ತಗೊಳಿಸುವ ಪ್ರಯತ್ನ ಹಳೆಯದು. 1956ರಲ್ಲೇ ಅಮೆರಿಕದ ಬ್ಯೂಯಿಕ್ ಕಂಪನಿ ಪ್ರದರ್ಶನಕ್ಕಿಟ್ಟ ಸೆಂಚುರಿಯನ್ ಎಂಬ ಮಾದರಿ ಕಾರಿನಲ್ಲಿ, ಕನ್ನಡಿಯ ಬದಲು ಹಿಂದೆ ಒಂದು ಟಿವಿ ಕ್ಯಾಮೆರಾ, ಮುಂದೆ ಒಂದು ಪರದೆ ಇತ್ತು. ನಮ್ಮಲ್ಲಿ ಮೊದಲು ಬಂದದ್ದು ರಿವರ್ಸ್ ಹಾರನ್ನು. ಮಧ್ಯರಾತ್ರಿ ಓಮ್ನಿಯೊಂದು ದೇಶಭಕ್ತಿಗೀತೆಯ ಧಾಟಿ ಹಾಡುತ್ತ ಹಿಂದಕ್ಕೆ ಬರುವಾಗ ಇಡೀ ಬೀದಿ ಎದ್ದು ಕೂರುತ್ತಿತ್ತು. 2019ರ ಜುಲೈಯಿಂದ ಭಾರತದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯವಾಯಿತು. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಕ್ಯಾಮೆರಾವೇ ಕಡ್ಡಾಯ, ಆದರೆ ಸುಮಾರು 4,500 ಕಿಲೋ ತೂಕದೊಳಗಿನ ವಾಹನಗಳಿಗೆ ಮಾತ್ರ. ಅಡುಗೆಮನೆ, ಮಂಚ, ಕಕ್ಕಸು ಎಲ್ಲವನ್ನೂ ಹೊತ್ತು ತಿರುಗುವ ದೊಡ್ಡ ಮೋಟರ್‌ಹೋಮ್‌ಗಳು ಆ ತೂಕದಾಚೆಯವು. ಅಲ್ಲಿ ಬರ್ಲಿಯಣ್ಣನ ಕೆಲಸ ಸಾಮಾನ್ಯವಾಗಿ ಹೆಂಡತಿಯ ಪಾಲಿಗೆ ಬರುತ್ತದೆ. ಗಂಡ ಮೂವತ್ತೈದು ಅಡಿಯ ಮನೆಯನ್ನು ಎರಡು ಮರಗಳ ನಡುವೆ ತೂರಿಸುವಾಗ ಆಕೆ ಹಿಂದೆ ನಿಂತು ಕೈ ಬೀಸುತ್ತಾಳೆ. ಅಕ್ಕಪಕ್ಕದ ಬಿಡಾರದವರು ಮಡಚು ಕುರ್ಚಿ ಹಾಕಿಕೊಂಡು ನೋಡುತ್ತಾರೆ. ಅಲ್ಲಿ ಕ್ಯಾಮೆರಾ ಕೊಳ್ಳುವುದು ಬಂಪರಿನ ರಕ್ಷಣೆಗಿಂತ ದಾಂಪತ್ಯದ ರಕ್ಷಣೆಗೆ ಎಂದರೂ ನಡೆದೀತು.

ಕರ್ನಾಟಕದಲ್ಲಿ ಮೋಟರ್‌ಹೋಮಿನ ಸ್ಥಾನವನ್ನು ತುಂಬಿರುವುದು ಟೆಂಪೊ ಟ್ರಾವೆಲರ್. ಧರ್ಮಸ್ಥಳ, ಕುಕ್ಕೆ, ಹೊರನಾಡು ಸುತ್ತಿ ಬರುವ ಕುಟುಂಬ ಅದರಲ್ಲಿ ಗ್ಯಾಸ್ ಒಲೆ, ಪುಳಿಯೋಗರೆ ಗೊಜ್ಜು, ಜಮಖಾನ, ಬಿಸಿನೀರಿನ ಫ್ಲಾಸ್ಕು, ವಾಂತಿಯ ಕವರು ಸಮೇತ ಹೊರಡುತ್ತದೆ. ಇಂಥ ಗಾಡಿಗೆ ಕ್ಯಾಮೆರಾ ಹಾಕಿಸಬೇಕೆಂದು ಮಾಲೀಕ ನಿರ್ಧರಿಸುವುದು ಹಿಂದಿನ ಬಾಗಿಲನ್ನು ಎರಡನೆಯ ಸಲ ಡೆಂಟಿಂಗ್ ಮಾಡಿಸಿದ ದಿನ. ಎರಡೂ ಸಲ ಹಿಂದೆ ನಿಂತು ಬರ್ಲಿ ಎಂದವನೇ ಈಗ ಕ್ಯಾಮೆರಾ ಆರಿಸಲು ಜೊತೆಗೆ ಹೊರಡುತ್ತಾನೆ. ‘ಜೆ.ಸಿ. ರೋಡಲ್ಲಿ ನಮ್ ಹುಡ್ಗ ಒಬ್ಬ ಇದಾನೆ ಗುರು’ ಎನ್ನುವುದೇ ಅವನ ಅರ್ಹತೆ.

ಅಂಗಡಿಯಲ್ಲಿ ಬರ್ಲಿಯಣ್ಣನಿಗೆ ಹಿಡಿಸುವುದು ದೊಡ್ಡ ಅಂಕಿ. ನೂರಿಪ್ಪತ್ತು ಡಿಗ್ರಿಯ ಲೆನ್ಸಿಗಿಂತ ನೂರೆಪ್ಪತ್ತು ಡಿಗ್ರಿಯದು ಐವತ್ತರಷ್ಟು ಒಳ್ಳೆಯದು ಎಂಬುದು ಅವನ ಗಣಿತ. ಲೆನ್ಸು ಅಗಲವಾದಷ್ಟೂ ವಸ್ತುಗಳು ಚಿಕ್ಕದಾಗಿ, ಇರುವುದಕ್ಕಿಂತ ದೂರದಲ್ಲಿ ಕಾಣುತ್ತವೆ ಎಂಬ ಸಂಗತಿಯನ್ನು ಅಂಗಡಿಯವನು ಹೇಳುವುದಿಲ್ಲ, ಇವನು ಕೇಳುವುದಿಲ್ಲ. ಡಬ್ಬಿಯ ಮೇಲೆ ಐಪಿ 67 ಎಂದಿದ್ದರೆ ಮಾತು ಮುಗಿಯಿತು, ವಾಟರ್‌ಪ್ರೂಫ್. ಆ 6 ಧೂಳಿಗೆ, 7 ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುವುದಕ್ಕೆ. ವಾಟರ್ ಸರ್ವಿಸ್‌ನವನು ಕೆಸರು ಕೀಳಲು ಹೊಡೆಯುವ ಪಿಚಕಾರಿಯ ಲೆಕ್ಕ ಬೇರೆ. ಅದಕ್ಕೆ 69ಕೆ ಎಂಬ ಗುರುತೇ ಇದೆ, ಬೆಲೆಯೂ ಬೇರೆ. ತಂತಿಯಿಲ್ಲದ ಕ್ಯಾಮೆರಾ ತೋರಿಸಿದರೆ ಬರ್ಲಿಯಣ್ಣನ ಕಣ್ಣು ಅರಳುತ್ತದೆ. ತಗಡಿನ ಮೈಯುಳ್ಳ ಉದ್ದ ಗಾಡಿಯಲ್ಲಿ, ವೈಫೈ ಓಡಾಡುವ ತರಂಗದಲ್ಲೇ ಬರುವ ಚಿತ್ರ ನಡುನಡುವೆ ನಿಂತುಹೋಗುತ್ತದೆ. ನಿಂತ ಚಿತ್ರದಲ್ಲಿ ಹಿಂದೆ ಯಾರೂ ಇರುವುದಿಲ್ಲ, ಎರಡು ಸೆಕೆಂಡಿನ ಹಿಂದೆ ನಿಜವಾಗಿಯೂ ಯಾರೂ ಇರಲಿಲ್ಲ. ಇದೊಂದನ್ನು ಮಾಲೀಕ ಹೇಗೋ ತಿಳಿದಿದ್ದಾನೆ. ತಂತಿಯದೇ ಕೊಳ್ಳುತ್ತಾನೆ.

ಫಿಟ್ಟಿಂಗ್ ದಿನ ಭಾನುವಾರ. ಮೆಕ್ಯಾನಿಕ್ ಹುಡುಗ ಕೆಲಸ ಮಾಡುತ್ತಾನೆ, ಬರ್ಲಿಯಣ್ಣ ಟಾರ್ಚು ಹಿಡಿಯುತ್ತಾನೆ. ಬೆಳಕು ಮಾತ್ರ ಹುಡುಗನ ಕಣ್ಣಿಗೆ ಬೀಳುತ್ತಿರುತ್ತದೆ. ಕ್ಯಾಮೆರಾಕ್ಕೆ ಕರೆಂಟು ತೆಗೆಯುವುದು ರಿವರ್ಸ್ ಲೈಟಿನಿಂದ, ಗೇರು ಹಾಕಿದಾಗ ದೀಪದ ಜೊತೆ ಚಿತ್ರವೂ ಬರಲಿ ಎಂದು. ಕಾರು, ಟೆಂಪೊ ಟ್ರಾವೆಲರ್‌ಗಳದು 12 ವೋಲ್ಟ್. ಲಾರಿ, ದೊಡ್ಡ ಬಸ್ಸುಗಳದು ಸಾಮಾನ್ಯವಾಗಿ 24. ಬರ್ಲಿಯಣ್ಣ ತನ್ನ ಭಾವಮೈದುನನ ಲಾರಿಗೆ ಇಂಥದೇ ಕ್ಯಾಮೆರಾ ಕೂರಿಸಿ, ಹೊಗೆ ಬಂದ ಕಥೆಯನ್ನು ಈ ಹಂತದಲ್ಲಿ ಹೇಳುತ್ತಾನೆ. ಆ ಕಥೆಯಲ್ಲಿ ತಪ್ಪು ಲಾರಿಯದು.

ಕಾರಿನ ಕಿಟ್ಟಿನೊಳಗಿನ ತಂತಿ ಆರು ಮೀಟರ್. ಬಾಗಿಲಿನ ಕೀಲು ಸುತ್ತಿ, ಚಾವಣಿಯೊಳಗೆ ತೂರಿ, ಮುಂದಿನ ಡ್ಯಾಶ್‌ಬೋರ್ಡಿಗೆ ಇಳಿಯುವಷ್ಟರಲ್ಲಿ ಅದು ಡ್ರೈವರನ ಹಿಂದಿನ ಸೀಟಿನ ಬಳಿಯೇ ಮುಗಿದುಹೋಗುತ್ತದೆ. ‘ಪರದೆನ ಇಲ್ಲೇ ಇಟ್ರೆ ನಾನೇ ನೋಡ್ಕೊಂಡು ಹೇಳ್ತೀನಲ್ಲ’ ಎಂಬ ಸಲಹೆ ಬರುತ್ತದೆ, ಮತ್ತು ಅದು ಹಾಸ್ಯವಲ್ಲ. ಹುಡುಗ ಬೈಕಿನಲ್ಲಿ ಹೋಗಿ ಜಾಯಿಂಟ್ ತರುತ್ತಾನೆ.

ಕ್ಯಾಮೆರಾದ ಬಾಲದಲ್ಲಿ ಎರಡು ಸಣ್ಣ ತಂತಿಯ ಕುಣಿಕೆಗಳಿರುತ್ತವೆ. ಒಂದನ್ನು ಕತ್ತರಿಸಿದರೆ ಪರದೆಯ ಮೇಲಿನ ಹಸಿರು, ಹಳದಿ, ಕೆಂಪು ಗೆರೆಗಳು ಹೋಗುತ್ತವೆ. ಇನ್ನೊಂದನ್ನು ಕತ್ತರಿಸಿದರೆ ಚಿತ್ರದ ಎಡಬಲ ಅದಲುಬದಲಾಗುತ್ತದೆ. ರಿವರ್ಸ್ ಕ್ಯಾಮೆರಾ ಕನ್ನಡಿಯಂತೆ ತಿರುಗಿಸಿ ತೋರಿಸಿದರೇ ಡ್ರೈವರನ ಎಡ ಪರದೆಯಲ್ಲೂ ಎಡವಾಗಿರುತ್ತದೆ. ಕೆಲಸಕ್ಕೆ ಬಾರದೆ ನೇತಾಡುವ ತಂತಿ ಬರ್ಲಿಯಣ್ಣನ ಕಣ್ಣಿಗೆ ಸಹಿಸದು. ಹುಡುಗ ಟೀಗೆ ಹೋದಾಗ ಎರಡನ್ನೂ ಕತ್ತರಿಸಿ ಅಚ್ಚುಕಟ್ಟು ಮಾಡುತ್ತಾನೆ. ಅವನು ಬಾಯಲ್ಲಿ ಇಷ್ಟು ವರ್ಷ ಮಾಡಿಕೊಂಡು ಬಂದದ್ದನ್ನು ಈಗ ಯಂತ್ರವೂ ಮಾಡತೊಡಗುತ್ತದೆ.

ತಂತಿಗಳನ್ನು ಮತ್ತೆ ಬೆಸೆದು, ಟೇಪು ಸುತ್ತಿ, ಕ್ಯಾಮೆರಾವನ್ನು ಬಾಗಿಲಿನ ಮೇಲ್ತುದಿಗೆ ಕೂರಿಸಲಾಗುತ್ತದೆ. ಆ ಬಣ್ಣದ ಗೆರೆಗಳನ್ನು ಹಾಕಿರುವುದು ಕಾರಿನ ನಂಬರ್ ಪ್ಲೇಟಿನ ಎತ್ತರಕ್ಕೆ. ಎಂಟಡಿ ಮೇಲಿನಿಂದ ನೋಡುವಾಗ ಕೆಂಪು ಗೆರೆ ಎಷ್ಟು ದೂರವೆಂದು ಗೆರೆಗೇ ತಿಳಿದಿರುವುದಿಲ್ಲ. ಒಳ್ಳೆಯ ಫಿಟ್ಟರು ಬಂಪರಿನಿಂದ ಒಂದು ಅಡಿ, ಒಂದು ಮೀಟರು ದೂರಕ್ಕೆ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಪರದೆಯಲ್ಲಿ ಅದು ಎಲ್ಲಿ ಕಾಣುತ್ತದೆ ಎಂದು ಡ್ರೈವರನಿಗೆ ತೋರಿಸುತ್ತಾನೆ. ಬಂಪರಿನ ಅಂಚು ಪರದೆಯ ಕೆಳಗೆ ಸ್ವಲ್ಪ ಕಾಣುತ್ತಿರಬೇಕು. ಇಷ್ಟು ಮಾಡಿದರೆ ಕ್ಯಾಮೆರಾ ನಂಬಿಕೆಗೆ ಅರ್ಹ, ಕೂಸು ಕುನ್ನಿ ಹಿಂದೆ ಬಂದರೂ ಕಾಣುತ್ತದೆ. ಕನ್ನಡಿಗೆ ಆಗದ ಕೆಲಸ ಅದು.

ಮೊದಲ ರಿವರ್ಸ್. ಡ್ರೈವರ್ ಗೇರು ಹಾಕುತ್ತಾನೆ, ಪರದೆ ಬೆಳಗುತ್ತದೆ, ಅದರ ತುಂಬ ಒಂದು ಚೆಕ್ಸ್ ಶರ್ಟು, ಬೀಸುವ ಎರಡು ಕೈ. ಅದರಾಚೆಯ ಜಗತ್ತು ಕಾಣುವುದಿಲ್ಲ. ‘ಸ್ವಲ್ಪ ಸರೀರಿ ಅಣ್ಣ’ ಎಂದರೆ ಬರ್ಲಿಯಣ್ಣ ಅದನ್ನು ತನ್ನ ಸುರಕ್ಷತೆಯ ಕಾಳಜಿ ಎಂದು ತಿಳಿದು, ‘ನನ್ ಬಗ್ಗೆ ಯೋಚ್ನೆ ಬೇಡ, ನೀವ್ ಬನ್ನಿ’ ಎನ್ನುತ್ತಾನೆ.

ಆಮೇಲಾದರೂ ಅವನು ಬದಿಗೆ ಸರಿಯುತ್ತಾನೆ. ಗಾಡಿ ನಿಧಾನವಾಗಿ ಹಿಂದಕ್ಕೆ ಹೋಗುತ್ತದೆ, ಪರದೆಯಲ್ಲಿ ನೆಲವೆಲ್ಲ ಖಾಲಿ. ಮೇಲಿನಿಂದ ಕರಕರ ಸದ್ದು. ಕೆಳಗೆ ನೋಡಲು ಬಾಗಿಸಿದ ಕ್ಯಾಮೆರಾಕ್ಕೆ ಮೇಲಿನ ಹೊಂಗೆ ಕೊಂಬೆ ಕಾಣುವುದಿಲ್ಲ. ಲಗೇಜ್ ಕ್ಯಾರಿಯರ್ ಅದಕ್ಕೆ ಸಿಕ್ಕಿಕೊಂಡಿದೆ. ಬರ್ಲಿಯಣ್ಣನಿಗೆ ಕೊಂಬೆ ಮೊದಲೇ ಕಂಡಿತ್ತು. ಹೇಳಲಿಲ್ಲವೇಕೆ ಎಂದರೆ ಉತ್ತರ ಸಿದ್ಧ: ‘ಕ್ಯಾಮ್ರಾ ಐತಲ್ಲ ಅಂತ ಸುಮ್ನಿದ್ದೆ.’

ಗಾಡಿ ನಿಂತ ಮೇಲೆ ಉಳಿಯುವುದು ಒಂದೇ ಕ್ರಿಯೆ. ಬರ್ಲಿಯಣ್ಣ ಎಲ್ಲಿಂದಲೋ ಒಂದು ಸೈಜುಗಲ್ಲು ಉರುಳಿಸಿಕೊಂಡು ಬಂದು ಹಿಂದಿನ ಚಕ್ರಕ್ಕೆ ಕೊಡುತ್ತಾನೆ, ಟೈರಿಗೆ ಒಂದು ಒದೆ ಕೊಟ್ಟು ಗಾಳಿ ನೋಡುತ್ತಾನೆ, ಹಾಲಿನ ಪ್ಯಾಕೆಟ್ಟು ನೆನಪಾಗಿ ಹೊರಡುತ್ತಾನೆ. ಕಲ್ಲು ಕೊಡುವುದು ಅವನ ಕೆಲಸ, ತೆಗೆಯುವುದಲ್ಲ. ಬೆಳಗ್ಗೆ ಐದಕ್ಕೆ ಡ್ರೈವರ್ ರಿವರ್ಸ್ ಹಾಕಿದಾಗ ಗಾಡಿ ಅಲುಗುವುದಿಲ್ಲ, ಪರದೆಯಲ್ಲಿ ಎಲ್ಲವೂ ಸ್ವಚ್ಛವಾಗಿದೆ. ಬಂಪರಿನ ಅಡಿಯಲ್ಲಿರುವ ಕಲ್ಲು ಕ್ಯಾಮೆರಾದ ಕಣ್ಣಿಗೆ ಬೀಳುವಂಥದ್ದಲ್ಲ. ಆಕ್ಸಿಲರೇಟರ್ ಒತ್ತಿದ ಸದ್ದಿಗೆ ಎದುರು ಮನೆಯ ಬಾಗಿಲು ತೆರೆಯುತ್ತದೆ. ಟವೆಲ್ಲು ಹೊದ್ದ ಒಬ್ಬರು, ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ, ಕೈ ಎತ್ತಿಕೊಂಡು ಗಾಡಿಯ ಹಿಂದಕ್ಕೆ ನಡೆಯುತ್ತಾರೆ.