ಅಲ್ಲಿ ಯಾರನ್ನಾದ್ರೂ ಕೇಳಿ, ಹೇಳ್ತಾರೆ

(ಎಐ ಏಜೆಂಟ್‌ಗಳಿಗೆ ಟೂಲ್ ವಿವರಣೆ ಬರೆಯುವ ಮಹಾನುಭಾವರಿಗೊಂದು ಬಹಿರಂಗ ಪತ್ರ)

ಮಾನ್ಯ ಎಂಜಿನಿಯರ್ ಮಹಾಶಯರೇ,

ನಾನು ಕ್ಷೇಮ. ನಿಮ್ಮ ಏಜೆಂಟ್ ಮಾತ್ರ ಕ್ಷೇಮವಾಗಿಲ್ಲ, ಅದಕ್ಕೇ ಈ ಕಾಗದ.

ಸಾಫ್ಟ್‌ವೇರ್ ಕಂಪನಿಗಳಲ್ಲಿ ಡಾಕ್ಯುಮೆಂಟೇಶನ್ ಬರೆದು ಇಪ್ಪತ್ತು ವರ್ಷ ಹೊಟ್ಟೆ ಹೊರೆದವಳು ನಾನು. “ಈ ಫಂಕ್ಷನ್ ಏನು ಮಾಡುತ್ತೆ, ಎರಡು ಸಾಲು ಬರೆದುಕೊಡಿ ಸಾರ್” ಎಂದು ನಿಮ್ಮ ಮೇಜಿನ ಮುಂದೆ ನಿಂತವಳು. “ಕೋಡ್ ನೋಡಿದ್ರೆ ಗೊತ್ತಾಗುತ್ತಲ್ಲ ಮೇಡಂ” ಎಂದು ನೀವು ಹೆಡ್‌ಫೋನ್ ಏರಿಸಿಕೊಳ್ಳುತ್ತಿದ್ದಿರಿ. ಕಾಲ ಈಗ ನಿಮ್ಮ ಜೊತೆ ಸ್ವಲ್ಪ ತಮಾಷೆ ಮಾಡಿದೆ. 2023ರ ಜೂನ್‌ನಲ್ಲಿ ಓಪನ್‌ಎಐ ‘ಫಂಕ್ಷನ್ ಕಾಲಿಂಗ್’ ತಂದಿತು. ಟೂಲ್ ಯಾವುದು, ಯಾವಾಗ ಕರೆಯಬೇಕು ಎಂದು ಮಾಡೆಲ್ಲೇ ನಿರ್ಧರಿಸುವ ಏರ್ಪಾಡು ಅದು. ಹಾಗೆ ಕರೆಯುವಾಗ ಅದಕ್ಕೆ ನಿಮ್ಮ ಕೋಡ್ ಕಾಣುವುದಿಲ್ಲ. ಕಾಣುವುದು ಟೂಲಿನ ಹೆಸರು, ನಿಮ್ಮ ವಿವರಣೆ, ಪ್ಯಾರಾಮೀಟರ್‌ಗಳ ಪಟ್ಟಿ, ಇಷ್ಟೇ. ನೀವು ಬರೆಯದೆ ಬಿಟ್ಟದ್ದು ಅದರ ಪಾಲಿಗೆ ಲೋಕದಲ್ಲೇ ಇಲ್ಲ.

ನಿಮ್ಮನ್ನು ಬೈದು ಪ್ರಯೋಜನವಿಲ್ಲ ಬಿಡಿ, ಇದು ನಮ್ಮೂರಿನ ಅಭ್ಯಾಸ. ಬೆಂಗಳೂರಿನಲ್ಲಿ ಯಾರನ್ನು ದಾರಿ ಕೇಳಿದರೂ “ಸೀದಾ ಹೋಗಿ, ಒಂದು ಆಂಜನೇಯನ ಗುಡಿ ಸಿಗುತ್ತೆ, ಅಲ್ಲಿ ಯಾರನ್ನಾದ್ರೂ ಕೇಳಿ, ಹೇಳ್ತಾರೆ” ಎನ್ನುತ್ತಾರೆ. ಹಾಗೆಯೇ ನಾವು ಮನೆ ಸೇರಿದ್ದೇವೆ, ಹೆಣ್ಣು ನೋಡಿ ಬಂದಿದ್ದೇವೆ. ನಿಮ್ಮ ವಿವರಣೆಗಳೂ ಅದೇ ಜಾತಿಯವು. ಮುಕ್ಕಾಲು ಪಾಲು ಅರ್ಥ ಪಕ್ಕದ ಸೀಟಿನವನ ತಲೆಯಲ್ಲಿತ್ತು, ಉಳಿದದ್ದು ಟೀ ಅಂಗಡಿಯಲ್ಲಿ. ಏಜೆಂಟ್‌ಗೆ ಪಕ್ಕದ ಸೀಟಿಲ್ಲ. ಅದು ಟೀ ಕುಡಿಯುವುದಿಲ್ಲ.

ನಮ್ಮ ಆಫೀಸಿನ ಏಜೆಂಟ್‌ಗೆ ನೀವು ದಯಪಾಲಿಸಿದ ಟೂಲ್‌ಗಳನ್ನೇ ನೋಡಿ: ‘ಸರ್ಚ್ ಎಂಪ್ಲಾಯಿ’, ‘ಫೈಂಡ್ ಎಂಪ್ಲಾಯಿ’, ‘ಗೆಟ್ ಎಂಪ್ಲಾಯಿ’. ಮೊದಲನೆಯದರ ವಿವರಣೆ, “ಎಂಪ್ಲಾಯಿಯನ್ನು ಸರ್ಚ್ ಮಾಡುತ್ತದೆ.” ಎರಡನೆಯದು ಏನು ಮಾಡುತ್ತದೆಂದು ನೀವೇ ಊಹಿಸಬಹುದು. ಒಂದಕ್ಕೆ ಹೆಸರು ಕೊಡಬೇಕು, ಇನ್ನೊಂದಕ್ಕೆ ಐಡಿ ನಂಬರ್. ಮೂರನೆಯದು ಸತ್ತು ಎರಡು ವರ್ಷವಾಯಿತು, ಟೀ ಅಂಗಡಿಯ ಹುಡುಗನಿಗೂ ಗೊತ್ತು. ಏಜೆಂಟ್ ಆ ಸತ್ತದ್ದನ್ನೇ ಕರೆಯಿತು. ಸತ್ತದ್ದು “ನಾನು ಸತ್ತಿದ್ದೇನೆ, ಸರ್ಚ್ ಎಂಪ್ಲಾಯಿಯನ್ನು ಕೇಳು” ಎನ್ನಬೇಕಿತ್ತು. ಅದರ ಬದಲು ಖಾಲಿ ಪಟ್ಟಿ ಕೊಟ್ಟಿತು. ಖಾಲಿ ಪಟ್ಟಿ ಎಂದರೆ ‘ಹುಡುಕಿದೆ, ಸಿಗಲಿಲ್ಲ’ ಎಂದೋ, ‘ಹುಡುಕಲೇ ಆಗಲಿಲ್ಲ’ ಎಂದೋ ನೀವು ಬರೆದಿರಲಿಲ್ಲ. ಹನ್ನೊಂದು ವರ್ಷದಿಂದ ಇಲ್ಲೇ ದುಡಿಯುತ್ತಿರುವ ನಮ್ಮ ಕ್ಯಾಷಿಯರ್ ಬಗ್ಗೆ ಏಜೆಂಟ್ ಬಹಳ ವಿನಯದಿಂದ “ಈ ಸಂಸ್ಥೆಯಲ್ಲಿ ಅಂಥವರು ಯಾರೂ ಇಲ್ಲ” ಎಂದು ಉತ್ತರಿಸಿತು. ಪಾಪ, ಅವರು ಸಂಬಳ ಬೀಳುವವರೆಗೂ ಸರಿಯಾಗಿ ನಿದ್ದೆ ಮಾಡಲಿಲ್ಲ.

‘ಡೇಟ್’ ಎಂಬ ಪ್ಯಾರಾಮೀಟರ್‌ಗೆ ನಿಮ್ಮ ಭಾಷ್ಯ “ಡೇಟ್.” 03/04 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯಿರಿ ಎಂದು ಐಎಸ್‌ಒ 8601 ಈ ಜಗಳವನ್ನು 1988ರಲ್ಲೇ ಬಗೆಹರಿಸಿದೆ. “2026-04-03 ಹೀಗೆ ಕೊಡು” ಎಂಬ ಮೂರು ಪದ ನಿಮಗೆ ಭಾರವಾಯಿತು. ‘ಮೋಡ್’ಗೆ 1, 2 ಅಥವಾ 3 ಕೊಡಬೇಕಂತೆ. 3 ಎಂದರೇನು ಎಂದು ಬಲ್ಲ ಏಕೈಕ ಮನುಷ್ಯ ಸಿಯಾಟಲ್‌ನಲ್ಲಿ ಮನೆ ಕೊಂಡಿದ್ದಾರೆ.

ಇಷ್ಟನ್ನೇ ಹಿಂದೊಮ್ಮೆ ಹೇಳಿದ್ದಕ್ಕೆ ನಿಮಗೆ ರೋಷ ಬಂತು. ಮರುದಿನವೇ ಎಂಟು ಪುಟದ ವಿವರಣೆ ಬಂತು, ಸಾಲಿಗೊಂದು ‘ಇಂಪಾರ್ಟೆಂಟ್’, ಎರಡು ‘ಮಸ್ಟ್’, ಎಲ್ಲ ಕ್ಯಾಪಿಟಲ್ ಅಕ್ಷರಗಳಲ್ಲಿ. (ಕನ್ನಡದಲ್ಲಿ ಕ್ಯಾಪಿಟಲ್ ಇಲ್ಲದ್ದು ಎಷ್ಟು ಜನ್ಮದ ಪುಣ್ಯವೋ.) ಆ ಟೂಲ್ ಬೇಕಿರಲಿ ಬೇಡದಿರಲಿ, ಏಜೆಂಟ್ ಪ್ರತಿ ಸಲ ಆ ಎಂಟು ಪುಟ ಹೊತ್ತೇ ಕೆಲಸಕ್ಕೆ ಹೊರಡಬೇಕು, ಹೊತ್ತ ಟೋಕನ್‌ಗೆಲ್ಲ ಬಿಲ್ ಬೇರೆ. ಪೂರ್ತಿ ಓದಿದೆ. ಕಂಪನಿಯ ಧ್ಯೇಯವಿದೆ, ನಿಮ್ಮ ತಂಡದ ಹೆಸರಿದೆ. ಈ ಟೂಲನ್ನು ಯಾವಾಗ ಬಳಸಬಾರದು ಎಂಬ ಒಂದು ಸಾಲಿಲ್ಲ.

2024ರ ನವೆಂಬರ್‌ನಲ್ಲಿ ಆಂತ್ರಾಪಿಕ್ ಹೊರತಂದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ನೀವೂ ಬಳಸುತ್ತೀರಿ. ಟೂಲ್ ಬರೀ ಓದುತ್ತದೆಯೋ, ಏನನ್ನಾದರೂ ಹಾಳು ಮಾಡಬಲ್ಲದೋ ಎಂದು ಸುಳಿವು ಕೊಡಲು ಅದರಲ್ಲಿ ಜಾಗವಿದೆ, ಮರು ವರ್ಷ ಸೇರಿಸಿದರು. ಬರೆದವನು ಬಾಯಿ ಬಿಡದಿದ್ದರೆ ಹಾಳು ಮಾಡಬಲ್ಲದು ಎಂದೇ ಎಣಿಸಬೇಕಂತೆ. ಆ ನಿಯಮ ಮಾಡಿದವರಿಗೆ ನಿಮ್ಮ ಪರಿಚಯ ಇದ್ದಿರಲೇಬೇಕು.

ನನ್ನ ಬೇಡಿಕೆ ದೊಡ್ಡದೇನಲ್ಲ. ಏಜೆಂಟ್ ಎಂದರೆ ನಾಳೆ ಕೆಲಸಕ್ಕೆ ಸೇರುವ ಹುಡುಗಿಯೊಬ್ಬಳು ಎಂದುಕೊಳ್ಳಿ. ಬಲು ಚುರುಕು, ಹೇಳಿದ್ದನ್ನು ಅಕ್ಷರಶಃ ಮಾಡುತ್ತಾಳೆ, ನೀವು ರಜದಲ್ಲಿದ್ದೀರಿ, ನಿಮ್ಮ ಫೋನ್ ಸ್ವಿಚ್ ಆಫ್. ಅವಳಿಗೊಂದು ಚೀಟಿ ಬರೆದಿಡಿ.

ಇಂತು ತಮ್ಮ ವಿಶ್ವಾಸಿ,
ಮೇಜಿನ ಮುಂದೆ ನಿಂತವಳು

ತಾ.ಕ.: ಈ ಪತ್ರ ಬಹಿರಂಗವಾದದ್ದು ನನ್ನ ಇಷ್ಟದಿಂದಲ್ಲ. ನಿಮ್ಮೊಬ್ಬರಿಗೇ ಕಳಿಸೆಂದು ಏಜೆಂಟ್‌ಗೆ ಹೇಳಿದ್ದೆ. ‘ಸೆಂಡ್’ ಟೂಲಿನ ‘ಟು’ ಪ್ಯಾರಾಮೀಟರ್ ಎದುರು ನೀವು “ಐಚ್ಛಿಕ. ಖಾಲಿ ಬಿಟ್ಟರೆ ಡಿಫಾಲ್ಟ್” ಎಂದಷ್ಟೇ ಬರೆದಿದ್ದೀರಿ. ಡಿಫಾಲ್ಟ್ ಎಂದರೆ ಇಡೀ ಆಫೀಸು ಎಂದು ಇವತ್ತು ಬೆಳಿಗ್ಗೆ ಗೊತ್ತಾಯಿತು.