ಹಣ್ಣಲ್ವಾ ಮಾರಾಯ!

ಸಕ್ಕರೆ ಕಾಯಿಲೆಯವರು ಪಂಕ್ತಿಯಲ್ಲಿ ಹೋಳಿಗೆ ಬಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಹಿಂದೆಯೇ ರಸಾಯನದ ಬಕೆಟ್ಟು ಬಂದರೆ ಅದೇ ಕೈ ತಾನಾಗಿ ಸರಿಯುತ್ತದೆ. ನಮ್ಮ ಚಿಕ್ಕಪ್ಪನಂತೂ ಅನ್ನದ ಕಟ್ಟೆ ಕಟ್ಟಿಕೊಂಡೇ ಕಾಯುತ್ತಾರೆ. "ಶುಗರ್ ಉಂಟಲ್ಲ ನಿಮಗೆ?" ಎಂದರೆ, "ಇದು ಹಣ್ಣಲ್ವಾ ಮಾರಾಯ!"

ಆ ಹಣ್ಣು ತಯಾರಾಗುವುದನ್ನು ನೋಡಬೇಕು. ಚಿಕ್ಕಮ್ಮ ಪುಟ್ಟಬಾಳೆಯನ್ನು ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಮೇಲೆ ಹೆರೆದ ಬೆಲ್ಲ ಉದುರಿಸಿ ಸುಮ್ಮನೆ ಬಿಡುತ್ತಾರೆ. ಹಣ್ಣು ನೀರೊಡೆದು ಬೆಲ್ಲ ಕರಗುವ ಹೊತ್ತಿಗೆ ದಪ್ಪ ಕಾಯಿಹಾಲು, ಹುರಿದ ಎಳ್ಳು, ಜಜ್ಜಿದ ಏಲಕ್ಕಿ ಬೀಳುತ್ತವೆ. ಒಲೆಯ ಗೊಡವೆಯೇ ಇಲ್ಲ.

ಇನ್ನು ಲೆಕ್ಕ. ಒಂದು ಬಟ್ಟಲಿಗೆ 100 ಗ್ರಾಂ ಬಾಳೆಹಣ್ಣು ಹಿಡಿಯಿರಿ. ಸುಮಾರು 90 ಕ್ಯಾಲೊರಿ. ಬೆಲ್ಲ 30 ಗ್ರಾಂ, ಸುಮಾರು 115. ಅರ್ಧ ಲೋಟ ದಪ್ಪ ಕಾಯಿಹಾಲಿನದು ಇವೆರಡನ್ನೂ ಕೂಡಿಸಿದಷ್ಟು. ಅಂದರೆ ಹಣ್ಣಿನ ಪಾಲು ಕಾಲು ಭಾಗವೂ ಇಲ್ಲ. ಮದುವೆ ಕಾಗದದ ತಲೆಯಲ್ಲಿ ಅಜ್ಜನ ಹೆಸರು ಹಾಕಿದ ಹಾಗೆ, ಖರ್ಚೆಲ್ಲ ಬೇರೆಯವರದು.

"ಸಕ್ಕರೆ ಹಾಕಿಲ್ಲ, ಬೆಲ್ಲ" ಎಂಬ ಎರಡನೆಯ ಜಾಮೀನೂ ಚಿಕ್ಕಪ್ಪನ ಬಳಿ ಇದೆ. ಬೆಲ್ಲದಲ್ಲಿ ಚೂರುಪಾರು ಕಬ್ಬಿಣವಿರುವುದು ನಿಜ. ಕ್ಯಾಲೊರಿಯ ಮಟ್ಟಿಗೆ ಎರಡೂ ಹೆಚ್ಚು ಕಮ್ಮಿ ಒಂದೇ. ಬೇಸಿಗೆಯ ಇಬ್ಬುಡ್ಲು ಹಣ್ಣಿನದು ಇನ್ನೂ ತಮಾಷೆ: ಬಿರಿದ ಸಿಪ್ಪೆ, ಹಿಟ್ಟು ಹಿಟ್ಟಾದ ತಿರುಳು, ಸ್ವಂತದ ಸಿಹಿ ಹೆಸರಿಗಷ್ಟೆ. ಅಲ್ಲಿ ಬೆಲ್ಲದ್ದೇ ಯಜಮಾನಿಕೆ. ಆದರೂ ಅದನ್ನು ಒತ್ತು ಶ್ಯಾವಿಗೆಯ ಮೇಲೆ ಸುರಿದುಕೊಂಡವರು ತಟ್ಟೆಯ ತಳ ಕಾಣುವ ತನಕ ತುಟಿ ಪಿಟಕ್ಕೆನ್ನುವುದಿಲ್ಲ.

ರಸಾಯನದ ಪರವಾಗಿಯೂ ಮಾತಾಡಬೇಕು. ಬೇಯಿಸದ ಕಾರಣ ಹಣ್ಣಿನ ಸಿ ವಿಟಮಿನ್ ಬಿಸಿಗೆ ಹಾಳಾಗುವುದಿಲ್ಲ. ಸೋಸಿದ ಜ್ಯೂಸಿನಲ್ಲಿ ಕಳೆದುಹೋಗುವ ನಾರು ಇಲ್ಲಿ ಉಳಿಯುತ್ತದೆ. ಮಾವಿನಹಣ್ಣಿನ ಬೀಟಾ ಕ್ಯಾರೊಟಿನ್ ಮೈಗೆ ಹತ್ತಲು ಜಿಡ್ಡು ಬೇಕು. ಕಾಯಿಹಾಲು ಅದನ್ನು ಧಾರಾಳವಾಗಿ ಒದಗಿಸುತ್ತದೆ. ಇದನ್ನೆಲ್ಲ ನಮ್ಮ ಮನೆಯಲ್ಲಿ ಚಿಕ್ಕಪ್ಪನೆದುರು ಯಾರೂ ಹೇಳುವುದಿಲ್ಲ.

ಆದರೂ ಅವರಿಗೆ ಎಲ್ಲಿಂದಲೋ ಸುದ್ದಿ ಸಿಗುತ್ತದೆ. ಮೇಲಿಂದ ಹಾಕಿಕೊಳ್ಳುವ ಸಿಹಿ ದಿನದ ಕ್ಯಾಲೊರಿಯಲ್ಲಿ ಶೇ 10 ಮೀರಬಾರದು, ಶೇ 5ಕ್ಕೆ, ಎಂದರೆ ಸುಮಾರು 25 ಗ್ರಾಮಿಗೆ ಇಳಿಸಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಇಡಿಯಾಗಿ ತಿನ್ನುವ ತಾಜಾ ಹಣ್ಣಿನೊಳಗಿನ ಸಕ್ಕರೆಯನ್ನು ಆ ಲೆಕ್ಕಕ್ಕೆ ಸೇರಿಸಲಿಲ್ಲ. ಚಿಕ್ಕಪ್ಪನ ಕಣ್ಣಿಗೆ ಬಿದ್ದದ್ದು ಈ ಕೊನೆಯ ವಾಕ್ಯ ಮಾತ್ರ.

ಕಳೆದ ಮಾವಿನ ಕಾಲದಲ್ಲಿ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು: ಬೆಲ್ಲ ಬೇಡ, ಕಾಯಿಹಾಲು ಬೇಡ, ಬರೀ ಹಣ್ಣು, ದಿನಕ್ಕೆ ನೂರು ಗ್ರಾಂ. ಚಿಕ್ಕಪ್ಪ ವಿನಯದಿಂದ ತಲೆಯಾಡಿಸಿ ಬಾಗಿಲ ತನಕ ಹೋದವರು ತಿರುಗಿ ಬಂದರು.

"ಡಾಕ್ಟ್ರೇ, ನೂರು ಗ್ರಾಂ ಅಂದ್ರೆ ಗೊರಟು ಬಿಟ್ಟು ಅಲ್ವಾ?"