ಪದ್ಮಿನೀಪತಿ

ಹಳೇ ಕಾರು ಇಟ್ಟುಕೊಂಡವರಲ್ಲಿ ಎರಡು ಜಾತಿ. ಮೊದಲನೆಯವರು ವರ್ಷಕ್ಕೊಮ್ಮೆ ರ‍್ಯಾಲಿಗೆ ಹೊರಟು, ಫೋಟೋದವರು ಬಂದಾಗ ಬಾನೆಟ್ಟಿಗೆ ಒರಗಿ ನಿಲ್ಲುವವರು. ಅವರ ಕಾರಿನ ಬಾಗಿಲು ಒಂದು ಬೆರಳಿಗೆ ಮುಚ್ಚಿಕೊಳ್ಳುತ್ತದೆ. ಅದನ್ನು ನೋಡಿಕೊಳ್ಳಲು ಸಂಬಳದ ಜನ ಇದ್ದಾರೆ. ಎರಡನೆಯವರಿಗೆ ಕಾರು ಬರೀ ನೆಪ, ಅವರು ಬದುಕಿರುವುದು ಅದರ ಬಾಗಿಲುಗಳಿಗಾಗಿ. ಅಂಥವರೊಬ್ಬರು ಮೈಸೂರಿನಲ್ಲಿ ನಮ್ಮ ಎದುರುಮನೆಯಲ್ಲೇ ಇದ್ದಾರೆ. ಬೀದಿಯ ಹುಡುಗರು ಅವರಿಗೆ ಪದ್ಮಿನೀಪತಿ ಎಂದು ಹೆಸರಿಟ್ಟಿದ್ದಾರೆ. ಅವರ ಹೆಂಡತಿಯ ಹೆಸರು ಬೇರೆ. ಆಕೆಗೂ ಈ ವಿಷಯ ಗೊತ್ತು, ಆಕ್ಷೇಪಣೆ ಇಲ್ಲ.

ಕಾರು 1978ರ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯೆಟ್ 1100 ಅನ್ನು ಮುಂಬಯಿಯ ಕುರ್ಲಾದಲ್ಲಿ ಮಾಡುತ್ತಿದ್ದರಲ್ಲ, ಅದಕ್ಕೇ 1974ರಲ್ಲಿ ಪದ್ಮಿನಿ ಎಂದು ನಾಮಕರಣವಾದದ್ದು. ಯಾರಾದರೂ 'ಫಿಯೆಟ್' ಎಂದರೆ ಇವರು "ಪದ್ಮಿನಿ" ಎಂದು ತಿದ್ದುತ್ತಾರೆ. 'ಪದ್ಮಿನಿ' ಎಂದರೆ "ಮೂಲ ಫಿಯೆಟ್ ಕಣ್ರೀ" ಎಂದು ಆಗಲೂ ತಿದ್ದುತ್ತಾರೆ. ಐವತ್ತು ವರ್ಷ ತುಂಬಿದ ಗಾಡಿಗೆ ವಿಂಟೇಜ್ ಎಂದು ಬೇರೆಯೇ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂದಾಗಿನಿಂದ 2028ಕ್ಕೆ ಕಾಯುತ್ತಿದ್ದಾರೆ. ಹಾಗೆ ನೋಂದಾಯಿಸಿದರೆ ದಿನದ ಓಡಾಟಕ್ಕೆ ಬಳಸುವಂತಿಲ್ಲವಂತೆ ಎಂದು ಹೆದರಿಸಿ ನೋಡಿದೆ. "ಈಗ ಮಾತ್ರ ಓಡಾಡ್ತಿದೀವಾ? ಬಾಗಿಲು ಹಾಕಿಕೊಂಡರೆ ತಾನೆ!" ಎಂದರು.

ಹೌದು, ಬಾಗಿಲು. ನಾಲ್ಕಕ್ಕೆ ನಾಲ್ಕು ಶಾಸ್ತ್ರ. ಮುಂದಿನ ಎಡಗಡೆಯದನ್ನು ಹೊರಗಿನಿಂದ ಹಾಕುವಂತಿಲ್ಲ. ಹಿಂದಿನ ಬಲಗಡೆಯದನ್ನು ಹಾಕುವ ಮೊದಲು ಎಲ್ಲಾದರೂ ಒಂದು ಗಾಜು ಇಳಿಸಿರಬೇಕು; ಒಳಗೆ ಸಿಕ್ಕಿಕೊಂಡ ಗಾಳಿ ಬಾಗಿಲನ್ನು ವಾಪಸ್ ತಳ್ಳುತ್ತದಂತೆ. ಬೆರಳು ತೂರುವಷ್ಟು ಸಂದಿ ಇರುವ ಕಾರಿನಲ್ಲಿ ಗಾಳಿ ಸಿಕ್ಕಿಕೊಳ್ಳುವುದು ಹೇಗೆಂದು ನಾನು ಕೇಳಿಲ್ಲ. ಕೇಳಿದರೆ ಇನ್ನರ್ಧ ಗಂಟೆ. ಇನ್ನು ಹಿಂದಿನ ಎಡಗಡೆಯದು, ಅಂದರೆ ಯಾವಾಗಲೂ ನನ್ನ ಪಾಲಿಗೆ ಬರುವ ಬಾಗಿಲು, ಅದಕ್ಕೆ ಮಂತ್ರವೇ ಇದೆ: "ಮೊದಲು ಸ್ವಲ್ಪ ಎತ್ತಿ. ಈಗ ತನ್ನಿ. ತಳ್ಳಬೇಡಿ ಸಾರ್, ತನ್ನಿ. ಹಾಂ, ಕೊನೆಯಲ್ಲಿ ಒಂದೇ ಏಟು. ಜೋರಾಗಲ್ಲ... ಮನಸ್ಸಿಟ್ಟು."

ಬಾಗಿಲಿಗೆ ಮನಸ್ಸಿಡುವುದು ಹೇಗೆಂದು ನಮ್ಮ ದೊಡ್ಡಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಂಜನಗೂಡಿನ ಛತ್ರದಲ್ಲಿ ಮದುವೆ. ಪದ್ಮಿನೀಪತಿಗಳು ತಾವಾಗಿಯೇ "ನನ್ನ ಗಾಡಿಯಲ್ಲೇ ಹೋಗೋಣ" ಎಂದರು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ದೊಡ್ಡಮ್ಮ ರೇಷ್ಮೆ ಸೀರೆಯ ನೆರಿಗೆ ಒಳಗೆಳೆದುಕೊಂಡು, ನರಸೀಪುರದ ಬಾಡಿಗೆ ಅಂಬಾಸಿಡರಿಗೆ ಕೊಡುತ್ತಿದ್ದಂಥ ಏಟನ್ನೇ ಕೊಟ್ಟರು. ದಢಾರ್! ಪದ್ಮಿನೀಪತಿಗಳು ಕಣ್ಣುಮುಚ್ಚಿದರು. ಎಂಜಿನ್ ಆರಿಸಿದರು.

"ಅಮ್ಮಾ, ಒಂದ್ ನಿಮಿಷ ಇಳೀತೀರಾ?"

"ಯಾಕಪ್ಪಾ, ಬಾಗಿಲು ಸರಿಯಾಗಿ ಬಿತ್ತಲ್ಲ?"

"ಬಿದ್ದಿದ್ದೇ ತಪ್ಪಮ್ಮ. ಅದು ಕೂರಬೇಕು."

ಇಳಿದದ್ದಾಯಿತು, ಎತ್ತಿದ್ದಾಯಿತು, ತಂದದ್ದಾಯಿತು. ಅಷ್ಟೊಂದು ಶಿಸ್ತಿನಿಂದ ಕೂರಿಸಿದ ಬಾಗಿಲು ಕಡಕೊಳದ ಹತ್ತಿರ ತಾನಾಗಿಯೇ ತೆರೆದುಕೊಂಡಿತು. ಅಲ್ಲಿಂದ ಮುಂದಕ್ಕೆ ಹ್ಯಾಂಡಲ್ಲಿಗೆ ನನ್ನ ಟವೆಲ್ ಕಟ್ಟಿ, ಅದರ ತುದಿಯನ್ನು ದೊಡ್ಡಮ್ಮ ಸಂತೆಗೆ ಹೊರಟ ಎಮ್ಮೆಯ ಹಗ್ಗ ಹಿಡಿದ ಹಾಗೆ ಹಿಡಿದು ಕೂತರು. ಛತ್ರದ ಮುಂದೆ ಅದೇ ಬಾಗಿಲು ತೆಗೆಯಲು ಬರಲಿಲ್ಲ. ನಾವೆಲ್ಲ ಬಲಗಡೆಯಿಂದ ಒಬ್ಬರ ಹಿಂದೊಬ್ಬರು ಜಾರಿ ಇಳಿಯುವುದನ್ನು ವಾಲಗದವರು ಊದುವುದು ಬಿಟ್ಟು ನೋಡಿದರು.

ಮುಹೂರ್ತದ ಹೊತ್ತಿಗೆ ಪದ್ಮಿನೀಪತಿಗಳು ಮಂಟಪದಲ್ಲಿರಲಿಲ್ಲ. ಹೊರಗೆ ಬಂದು ನೋಡಿದರೆ ಕಾರಿನ ಸುತ್ತ ಸಭೆ. ಮದುವೆಗೆ ಬಂದ ಬಾಡಿಗೆ ಕಾರುಗಳ ಡ್ರೈವರುಗಳು, ಅಡುಗೆಯವರ ಕಡೆಯ ಒಬ್ಬ, ಒಬ್ಬ ಹುಡುಗನ ಕೈಯಲ್ಲಿ ಅಕ್ಷತೆ ಬೇರೆ. ಇವರು ಬಾಗಿಲು ತೆರೆದು, ಅದರ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೂ ಕೆಳಕ್ಕೂ ಆಡಿಸಿ ತೋರಿಸುತ್ತಿದ್ದರು: "ನೋಡಿ, ಆಡ್ತಾ ಇದೆಯಲ್ಲ? ಹಿಂಜಿನ ಪಿನ್ ಸವೆದಿದೆ. ಅದಕ್ಕೇ ಬಾಗಿಲು ಲಾಕಿನ ಕಡೆ ಇಳಿದಿದೆ. ಎಲ್ಲರೂ ಏನು ಮಾಡ್ತಾರೆ? ಕಂಬದ ಮೇಲಿರೋ ಲಾಕಿನ ಪ್ಲೇಟನ್ನ ಕೆಳಗೆ ಇಳಿಸ್ತಾರೆ. ರೋಗ ಹಿಂಜಿಗೆ, ಔಷಧ ಲಾಕಿಗೆ!" ಡ್ರೈವರುಗಳು ತಲೆದೂಗಿದರು. ಊಟದ ಪಂಕ್ತಿ ಏಳುವವರೆಗೂ ಇದೇ ನಡೆಯಿತು. ಹೋಳಿಗೆ ಮುಗಿದುಹೋಯಿತು. ದೊಡ್ಡಮ್ಮ ಎರಡನ್ನು ಎಲೆಯಲ್ಲಿ ಸುತ್ತಿ ಅವರಿಗೆಂದೇ ತೆಗೆದಿಟ್ಟಿದ್ದರು, ನನಗಲ್ಲ.

ಉಳಿದ ಗುಣಗಳ ವಿಷಯ ಬೇಗ ಮುಗಿಸುತ್ತೇನೆ. ಅವರ ಡಿಕ್ಕಿಯಲ್ಲಿ ಸ್ಟೆಪ್ನಿ ಬಿಟ್ಟು ಎಲ್ಲವೂ ಸಿಗುತ್ತದೆ. ಬೆಂಗಳೂರಿಗೆ ಹೋದರೆ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಎರಡೇ ನೋಡುತ್ತಾರೆ. ಮೊಮ್ಮಗುವನ್ನು ಸಮಯ ಉಳಿದರೆ. ಮುಂಬಯಿಯಲ್ಲಿ ಕೊನೆಯದಾಗಿ ನೋಂದಣಿಯಾಗಿದ್ದ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ 30ರಂದು ರಸ್ತೆಯಿಂದ ನಿವೃತ್ತವಾದ ಸುದ್ದಿ ಬಂದಾಗ ಸಂಜೆಯ ಕಾಫಿ ಬಿಟ್ಟರು. ಮಾರನೆಯ ಬೆಳಿಗ್ಗೆ ಗೇಟಿನ ಹತ್ತಿರ ಸಿಕ್ಕಿ, "ಆ ಟ್ಯಾಕ್ಸಿಗಳ ಹಿಂಜೆಲ್ಲಾ ಎಲ್ಲಿಗೆ ಹೋಗತ್ತೆ ಅಂತೀರಿ?" ಎಂದರು.

ನನ್ನ ಭಾನುವಾರಗಳನ್ನು ತಿಂದದ್ದು ಮಾತ್ರ ಬೇಗ ಮುಗಿಯುವ ವಿಷಯವಲ್ಲ. "ಸಾರ್, ಎರಡೇ ನಿಮಿಷ" ಎಂಬ ಕೂಗು ಎದುರಿನಿಂದ ಬಂದರೆ ನನ್ನಾಕೆ ತಿಂಡಿಯ ತಟ್ಟೆ ಮುಚ್ಚಿಡುತ್ತಾಳೆ. ಹೊಸ ಬೀಡಿಂಗ್ ತಂದು ಅಂಟಿಸಿದರು. ರಬ್ಬರು ದಪ್ಪವಾಗಿ ಬಾಗಿಲು ಚೆಂಡಿನಂತೆ ಪುಟಿಯತೊಡಗಿತು. ಟಿಂಕರಿನವನು "ಒಂದು ಬೇಸಿಗೆ ಕಳೀಲಿ, ಕೂತ್ಕೊಳ್ಳತ್ತೆ" ಎಂದ. ಅಲ್ಲಿಯವರೆಗೆ ಪರೀಕ್ಷೆ ನಡೆಯಬೇಕಲ್ಲ: ರಬ್ಬರಿಗೂ ಬಾಗಿಲಿಗೂ ನಡುವೆ ನೋಟು ಇಟ್ಟು ಮುಚ್ಚುವುದು, ಎಳೆಯುವುದು. ಸಲೀಸಾಗಿ ಬಂದರೆ ಅಲ್ಲಿ ಸಂದಿ ಇದೆ, ಬಿಗಿಯಾಗಿ ಬಂದರೆ ಸರಿ, ಹರಿದರೆ ಅತಿಯಾಯಿತು. ನೋಟು ಯಾರದೆಂದು ಹೇಳಬೇಕಾಗಿಲ್ಲ. ಲಾಕು ಪ್ಲೇಟಿಗೆ ಎಲ್ಲಿ ತಾಗುತ್ತದೆಂದು ತಿಳಿಯಲು ಅದಕ್ಕೆ ಕುಂಕುಮ ಹಚ್ಚುತ್ತಾರೆ. ನನ್ನ ಬಿಳಿ ಪಂಚೆಗಳಲ್ಲಿ ಆ ಸಂಶೋಧನೆಯ ಗುರುತುಗಳಿವೆ.

ಹಿಂದಿನ ಬಾಗಿಲಿನಿಂದಲೇ ಶುರುಮಾಡಬೇಕು, ಅದರ ಹಿಂದಿನ ತಗಡನ್ನು ಸರಿಸಲಾಗದು, ಮುಂದಿನ ಬಾಗಿಲು ಹಿಂದಿನದಕ್ಕೆ ಹೊಂದಿಕೊಳ್ಳಬೇಕು. ಇಷ್ಟೆಲ್ಲ ನಾನು ಕಲಿತದ್ದು ಬೇಕಾಗಿ ಅಲ್ಲ. ಹೊಸ ಪಿನ್ ಬಡಿಯುವಾಗ ಬಾಗಿಲನ್ನು ಒಬ್ಬರು ಮಟ್ಟಸವಾಗಿ ಎತ್ತಿ ಹಿಡಿದಿರಲೇಬೇಕು, ಅದು ಒಬ್ಬರ ಕೈಲಾಗುವ ಕೆಲಸವಲ್ಲ. ಎತ್ತಿ ಹಿಡಿದವನಿಗೆ ಓಡಿಹೋಗಲು ದಾರಿಯಿಲ್ಲ, ಬಡಿಯುವವರು ಮಾತಾಡುತ್ತಾರೆ. ಅವರ ಕೆಲಸದ ದಿನಗಳು, ಅಮೆರಿಕದಲ್ಲಿರುವ ಮಗ, ಅವನು ಚಿಕ್ಕವನಿದ್ದಾಗ ಇದೇ ಬಾಗಿಲು ಹಿಡಿದು ನಿಂತು ಅಳುತ್ತಿದ್ದದ್ದು, ಎಲ್ಲ ನನಗೆ ಗೊತ್ತಾದದ್ದು ಹೀಗೆ. ನನ್ನ ಕಾರಿನ ಬಾಗಿಲು ಸರಿಯಾಗಿ ಬೀಳದಿದ್ದರೆ ಒಂದು ದೀಪ ಹೊತ್ತಿಕೊಂಡು ಕೀಂಕೀಂ ಎನ್ನುತ್ತದೆ. ಅದರಲ್ಲಿ ಕೂತ ಪದ್ಮಿನೀಪತಿಗಳು "ನಿಮ್ಮ ಗಾಡಿ ಚಾಡಿ ಹೇಳತ್ತಲ್ರೀ" ಎಂದಿದ್ದರು. ಆ ಕಾರು ಕೊಂಡಾಗಿನಿಂದ ಅದರ ಬಾಗಿಲ ವಿಷಯಕ್ಕೆ ನಾನು ಯಾರನ್ನೂ ಕೂಗಿ ಕರೆದಿಲ್ಲ, ನನ್ನನ್ನು ಯಾರೂ ಕೇಳಿಲ್ಲ.

ಮೊನ್ನೆ, ಅಚ್ಚರಿ, ನಾಲ್ಕೂ ಬಾಗಿಲು ಸರಿಹೋದವು. ಒಂದು ವಾರ ಎದುರುಮನೆಯಿಂದ ಕೂಗು ಬರಲಿಲ್ಲ. ಅವರು ಜಗಲಿಯಲ್ಲಿ ಕೂತು ಪತ್ರಿಕೆಯ ಜಾಹೀರಾತುಗಳನ್ನು ಕೂಡ ಓದತೊಡಗಿದರು. ನನಗೆ ಗಾಬರಿಯಾಯಿತು. ಅಷ್ಟರಲ್ಲಿ ಹಿಂದಿನ ಬೀದಿಯ ಸಾಫ್ಟ್‌ವೇರ್ ಹುಡುಗನೊಬ್ಬ ಯಾರಿಂದಲೋ ಹಳೇ ಅಂಬಾಸಿಡರ್ ಕೊಂಡು ತಂದ. ಪದ್ಮಿನೀಪತಿಗಳು ಹೋಗಿ ನೋಡಿಬಂದವರು ನಮ್ಮ ಗೇಟಿನಲ್ಲೇ ನಿಂತರು, ಮುಖ ಅರಳಿತ್ತು.

"ಹಿಂದಿನ ಎರಡೂ ಬಾಗಿಲು ಬೀಳಲ್ಲ ಸಾರ್. ಕೆಳಗಿನ ತಗಡು ಪೂರ್ತಿ ತುಕ್ಕು. ಅದಕ್ಕೆ ಬೇರೆ ಚಾಸಿ ಎಲ್ಲಿದೆ? ಮೈಯೇ ಬಾಗಿಬಿಟ್ಟಿದೆ! ವೆಲ್ಡಿಂಗ್ ಆಗಬೇಕು, ಬಾಗಿಲು ಹಾಕಿಟ್ಟೇ ಮಾಡಿಸಬೇಕು, ಆ ಮಗುವಿಗೆ ಏನೂ ಗೊತ್ತಿಲ್ಲ."

"ಪಾಪ," ಎಂದೆ.

"ಭಾನುವಾರ ಎಂಟಕ್ಕೆ ಬರ್ತೀವಿ ಅಂತ ಹೇಳಿದೀನಿ. ಹಳೇ ಪಂಚೆ ಉಟ್ಟುಕೊಳ್ಳಿ. ಅಂಬಾಸಿಡರ್ ಬಾಗಿಲು ನಮ್ಮದಕ್ಕಿಂತ ಭಾರ."